ಏನೂ ಆಗದ ಸಿನಿಮಾ ಮತ್ತು ನಾಕೆಯ ಶಿವಪುತ್ರಪ್ಪ

ಆ ಸಿನಿಮಾ ಹೇಗಿತ್ತು ಎಂದು ಶಿವಪುತ್ರಪ್ಪ ನನ್ನನ್ನು ನಾಲ್ಕು ವರ್ಷ ಕೇಳಿದ. ಸಿಕ್ಕಾಗಲೆಲ್ಲ ಕೇಳುತ್ತಿದ್ದ ಎಂದಲ್ಲ. ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ, ಬೇರೆ ಮಾತೆಲ್ಲ ಮುಗಿದ ಮೇಲೆ, ಎಲೆಗೆ ಸುಣ್ಣ ಹಚ್ಚುತ್ತ, ನನ್ನ ಮುಖ ನೋಡದೆ ಕೇಳುತ್ತಿದ್ದ. ನಾನು ಪ್ರತಿ ಸಲವೂ ಒಂದೇ ಉತ್ತರ ಕೊಟ್ಟೆ. ಚಲೋ ಇತ್ತು, ಆದರೆ. ಆ ‘ಆದರೆ’ಯ ಮುಂದಿನದನ್ನು ಅವನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ, ತಲೆಯಾಡಿಸುತ್ತಿದ್ದ, ಎಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಈ ಸಲ ಯುಗಾದಿಗೆ ಇನ್ನೊಂದು ವಾರವಿದೆ ಎನ್ನುವಾಗ ಅವನು ತೀರಿಕೊಂಡ. ಇನ್ನು ನನ್ನನ್ನು ಆ ಪ್ರಶ್ನೆ ಕೇಳುವವರಿಲ್ಲ. ಹಾಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ನಾನು ಅವನನ್ನು ಮೊದಲು ಕಂಡದ್ದು ಗಡಿಯಲ್ಲಿ. ೧೯೫೩ರಲ್ಲಿ ಮನ್ಮನೆಯ ಹತ್ತಿರದ ಶಾಲೆಗೆ ನಾನು ಮಾಸ್ತರನಾಗಿ ಬಂದಾಗ ಸಿದ್ದಾಪುರದ ಸೀಮೆ ಮುಂಬಯಿ ಸರಕಾರದ್ದು, ಆಚೆ ಸೊರಬ ಮೈಸೂರಿನದು. ನಡುವೆ ಕಾಡಿನ ದಾರಿಯಲ್ಲಿ ಒಂದು ನಾಕೆ. ನಾಕೆಯೆಂದರೆ ಒಂದು ಹಂಚಿನ ಕೋಣೆ, ರಸ್ತೆಗೆ ಅಡ್ಡವಾಗಿ ಒಂದು ಉದ್ದನೆಯ ಮರದ ತೊಲೆ, ತೊಲೆಯ ಬುಡಕ್ಕೆ ಕಟ್ಟಿದ ಒಂದು ಒಡಕು ಬೀಸುಕಲ್ಲು. ತುದಿಯ ಹಗ್ಗ ಬಿಚ್ಚಿದರೆ ಕಲ್ಲಿನ ಭಾರಕ್ಕೆ ತೊಲೆ ತಾನಾಗಿ ಮೇಲೇಳುತ್ತಿತ್ತು. ಬರುವ ಹೋಗುವ ಗಾಡಿಗಳನ್ನು ತಪಾಸಣೆ ಮಾಡಿ ಆ ಹಗ್ಗ ಬಿಚ್ಚುವುದು ಶಿವಪುತ್ರಪ್ಪನ ಕೆಲಸ. ಅವನದು ಬನವಾಸಿ ಕಡೆಯ ಒಂದು ಹಳ್ಳಿ. ಲಿಂಗವಂತರ ಮನೆತನ. ಹೊಲವನ್ನು ಅಣ್ಣ ನೋಡಿಕೊಳ್ಳುತ್ತಿದ್ದ, ಹೆಂಡತಿ ಕಲ್ಲವ್ವ ಅಣ್ಣನ ಮನೆಯಲ್ಲೇ ಇದ್ದಳು. ಇವನು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದ.

ಸೊರಬದಲ್ಲಿ ನನ್ನ ಪರಿಚಯದವರೊಬ್ಬರ ಮನೆಯಲ್ಲಿ ಪುಸ್ತಕದ ಕಪಾಟಿತ್ತು. ಹದಿನೈದು ದಿನಕ್ಕೊಮ್ಮೆ ಸೈಕಲ್ ಮೇಲೆ ಹೋಗಿ ಹಳೆಯದನ್ನು ಕೊಟ್ಟು ಹೊಸದನ್ನು ತರುತ್ತಿದ್ದೆ. ಶಿವಪುತ್ರಪ್ಪ ಪ್ರತಿ ಸಲವೂ ಚೀಲ ಬಿಚ್ಚಿಸುತ್ತಿದ್ದ.

"ಏನ್ರಿ ಮಾಸ್ತರ, ಹೋಗೂಮುಂದೂ ಪುಸ್ತಕ, ಬರೂಮುಂದೂ ಪುಸ್ತಕ. ನೀವು ಕಳ್ಳಸಾಗಣಿ ಮಾಡೂದು ಯಾವ ಕಡಿಗೆ?"

"ಎರಡೂ ಕಡೆಗೆ ಮಾರಾಯಾ. ಹಿಡ್ಕಂಡು ಹೋಗು."

"ಹಿಡದ್ರ ನಿಮ್ಮನ್ನ ಇಡೂದೆಲ್ಲಿ? ನಂಗ ಮಲಗಾಕ ಜಾಗಿಲ್ಲ ಇಲ್ಲಿ."

ದಿನಕ್ಕೆ ಎಂಟು ಹತ್ತು ಗಾಡಿ ಬಂದರೆ ಹೆಚ್ಚು. ಕೆಲವು ದಿನ ಒಂದೂ ಇಲ್ಲ. ಗಾಡಿಯವರು ತೊಲೆಯ ಮುಂದೆ ನಿಂತು "ಹೋಗ್ಲಾ ನಾಕೆಯಣ್ಣಾ?" ಎಂದು ಕೇಳುವುದು ಅಲ್ಲಿಯ ವಾಡಿಕೆಯಾಗಿತ್ತು. ಅವನು ಗಾಡಿಯಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿ, ಹಗ್ಗ ಬಿಚ್ಚಿ, "ಹೋಗಿ ಬರ್ರಿ" ಎನ್ನುತ್ತಿದ್ದ. ಬರೀ ‘ಹೋಗ್ರಿ’ ಎಂದು ಅವನ ಬಾಯಲ್ಲಿ ಒಮ್ಮೆಯೂ ನಾನು ಕೇಳಲಿಲ್ಲ.

೧೯೫೬ರ ನವೆಂಬರ್ ಒಂದರಂದು ಸಿದ್ದಾಪುರದಲ್ಲಿ ಮೆರವಣಿಗೆ ನಡೆಯಿತು, ಶಾಲೆಯ ಮಕ್ಕಳಿಗೆ ಪೇಢೆ ಹಂಚಿದೆವು. ಎರಡು ಸೀಮೆಗಳೂ ಒಂದೇ ರಾಜ್ಯವಾದವು, ನನಗೂ ಸಂತೋಷವಾಗಿತ್ತು. ನಾಕೆಗೆ ಕಚೇರಿಯವರೊಬ್ಬರು ಬಂದು ತೊಲೆ ಎತ್ತಿ ಕಟ್ಟಿಬಿಡು ಎಂದರು. ಅವನು ಎತ್ತಿ ಕಟ್ಟಿದ. ಬೇರೆ ಕಡೆ ಕೆಲಸ ಕೊಡುತ್ತೇವೆ, ಹುಕುಂ ಬರುತ್ತದೆ, ಅಲ್ಲಿಯವರೆಗೆ ಇಲ್ಲೇ ಇರು ಎಂದು ಹೇಳಿ ಹೋದರು. ಅವನು ಎರಡು ತಿಂಗಳು ಅಲ್ಲೇ ಕುಳಿತ. ಮೊದಲ ಕೆಲವು ವಾರ ಗಾಡಿಯವರು ರೂಢಿಯಿಂದ ಬಯಲು ರಸ್ತೆಯಲ್ಲೇ ನಿಂತು "ಹೋಗ್ಲಾ?" ಎಂದು ಕೇಳುತ್ತಿದ್ದರಂತೆ. ಎತ್ತುಗಳೂ ನಿಲ್ಲುತ್ತಿದ್ದುವಂತೆ. ಆಮೇಲೆ ಗಾಡಿಯವರು ಬಿಟ್ಟರು. ಎತ್ತುಗಳು ಇನ್ನಷ್ಟು ದಿನ ನಿಂತುವು ಎಂದು ಅವನು ಹೇಳಿದ್ದ.

ಹುಕುಂ ಬಂತು. ಅವನ ನೇಮಣೂಕು ತಾತ್ಪೂರ್ತಿಕ, ಅಂದರೆ ತಾತ್ಕಾಲಿಕವಾದದ್ದು, ಮುಂದೆ ಕೆಲಸವಿಲ್ಲ ಎಂದು ಅದರಲ್ಲಿತ್ತು.

ಊರಿಗೆ ಹೋಗು ಎಂದೆ. ಹೋಗಲಿಲ್ಲ. ಅಣ್ಣನ ಹೊಲ, ಅಣ್ಣನ ಎತ್ತು, ನಾನು ಹೋಗಿ ಹಗ್ಗ ಎಲ್ಲಿ ಹಿಡಿಯಲಿ ಎಂದ. ಆ ಹೊತ್ತಿಗೆ ಅಂದಾನಪ್ಪ ಎಂಬವನು ಹಾವೇರಿ ಕಡೆಯಿಂದ ಒಂದು ಟೂರಿಂಗ್ ಟಾಕೀಸ್ ತಂದಿದ್ದ. ದೀಪಾವಳಿಯಿಂದ ಮಳೆ ಹಿಡಿಯುವ ತನಕ ಶಿರಸಿ, ಸಿದ್ದಾಪುರ, ಯಲ್ಲಾಪುರ, ಹೀಗೆ ಊರಿಂದೂರಿಗೆ ಡೇರೆ ಎತ್ತಿಕೊಂಡು ತಿರುಗುತ್ತಿದ್ದ. ಅಲ್ಲಿ ಗೇಟಿನಲ್ಲಿ ಚೀಟಿ ಹರಿಯುವ ಕೆಲಸಕ್ಕೆ ಶಿವಪುತ್ರಪ್ಪ ಸೇರಿಕೊಂಡ.

ಅಂದಾನಪ್ಪ ಆಗಾಗ ಇಂಗ್ಲಿಷ್ ಸಿನಿಮಾ ತರಿಸುತ್ತಿದ್ದ. ನಮ್ಮ ಜನಕ್ಕೆ ಆ ಮಾತು ತಿಳಿಯದು. ಅದಕ್ಕಾಗಿ ಪರದೆಯ ಪಕ್ಕದಲ್ಲಿ ಒಬ್ಬ ತಗಡಿನ ಕಹಳೆ ಹಿಡಿದು ನಿಂತು ಕಥೆ ಹೇಳುತ್ತಿದ್ದ. ಅವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ, ಕಂಡದ್ದಕ್ಕೆ ತಕ್ಕಂತೆ ಹೇಳುವುದು. ಆ ಮನುಷ್ಯ ಜಗಳವಾಡಿ ಬಿಟ್ಟುಹೋದಾಗ ಅಂದಾನಪ್ಪ ಕಹಳೆಯನ್ನು ಶಿವಪುತ್ರಪ್ಪನ ಕೈಗೆ ಕೊಟ್ಟ. ಕಾಡಿನ ದಾರಿಯಲ್ಲಿ ಗಾಡಿ ಕೂಗಿ ನಿಲ್ಲಿಸಿದ ಗಂಟಲು. ಮೊದಲ ದಿನವೇ ಟೋಪಿಯ ನಾಯಕ ‘ಬಿಳಗಿಯ ಚನ್ನ’ನಾದ. ಎದೆಯ ಮೇಲೆ ನಕ್ಷತ್ರ ಚುಚ್ಚಿಕೊಂಡವನು ಫೌಜದಾರನಾದ. ಗುಂಡು ಹಾರುವ ಹೆಂಡದಂಗಡಿ ಯಲ್ಲಾಪುರದ ಚಹಾದಂಗಡಿಯಾಯಿತು. "ಚನ್ನಾ, ಹಿಂದ ನೋಡೋ, ಹಿಂದ!" ಎಂದು ಇವನು ಕೂಗಿದರೆ ಐನೂರು ಜನ ಒಟ್ಟಿಗೆ "ಹಿಂದ!" ಎಂದು ಕೂಗುತ್ತಿದ್ದರು. ಸಿನಿಮಾಕ್ಕಿಂತ ಇವನನ್ನು ಕೇಳಲು ಬರುವವರೇ ಹೆಚ್ಚಾದರು. ನಾಕೆ ಹೋದ ಮೇಲೆ ಅವನು ನಗುತ್ತಿದ್ದದ್ದು ಆ ಕಹಳೆ ಹಿಡಿದ ಮೂರು ವರ್ಷಗಳಲ್ಲಿ ಮಾತ್ರ. ನನಗೆ ಗೊತ್ತಿದ್ದ ಮಟ್ಟಿಗೆ ಅವನಿಗೆ ಬೇರೆ ಯಾವುದೂ ಇರಲಿಲ್ಲ.

೧೯೬೨ರ ಫೆಬ್ರವರಿಯಲ್ಲಿ ಡೇರೆ ಸಿದ್ದಾಪುರದಲ್ಲಿತ್ತು. ಒಂದು ಬೆಳಿಗ್ಗೆ ಅವನು ಶಾಲೆಯ ಅಂಗಳದಲ್ಲಿ ಬಂದು ನಿಂತ. ಮಕ್ಕಳಿಗೆ ಲೆಕ್ಕ ಕೊಟ್ಟು ಹೊರಗೆ ಬಂದೆ.

"ಮಾಸ್ತರ, ನಿನ್ನೆ ನಾ ಒಬ್ಬ ಮನಷ್ಯಾನ ಮ್ಯಾಲೆ ಸುಳ್ಳು ಕಳವಿನ ಆರೋಪ ಹೊರಿಸೀನಿ."

"ಯಾರ ಮೇಲೆ ಮಾರಾಯಾ? ಫೌಜದಾರರ ತನಕ ಹೋಯ್ತಾ?"

"ಸಿನಿಮಾದಾಗಿನವನ ಮ್ಯಾಲೆ."

ನಾನು ನಕ್ಕೆ. ಅವನು ನಗಲಿಲ್ಲ. ಶಾಲೆಯ ಕಟ್ಟೆಯ ಮೇಲೆ ಕುಳಿತು ಹೇಳಿದ. ಹೊಸ ಇಂಗ್ಲಿಷ್ ಸಿನಿಮಾ ಬಂದಿದೆ. ಅದರ ಜೊತೆ ಕಳಿಸಿದ ಚಿತ್ರದ ಹಾಳೆಗಳು ತಪ್ಪಿ ಬೇರೆ ಯಾವುದರದೋ ಬಂದಿವೆ: ಕುದುರೆ, ಬಂದೂಕು, ಉರಿಯುವ ಮನೆ. ಅಂದಾನಪ್ಪ ಅವನ್ನೇ ಊರೆಲ್ಲ ಅಂಟಿಸಿದ್ದಾನೆ. ಸಿನಿಮಾದಲ್ಲಿ ಅಂಥ ಹೊಡೆದಾಟ ಯಾವುದೂ ಇಲ್ಲ. ಊರುಗಳು ಮುಗಿದು ಬಯಲು ಶುರುವಾಗುವ ಕಡೆ ಒಂದು ಗೇಟು. ಗೇಟು ಕಾಯುವ ಒಬ್ಬ ನಡುವಯಸ್ಸಿನವನು. ಗಾಡಿಗಳು ಬರುತ್ತವೆ, ಅವನು ಗೇಟು ತೆಗೆಯುತ್ತಾನೆ, ಅವು ಆಚೆಯ ಬಯಲಿಗೆ ಹೋಗುತ್ತವೆ. ಆಮೇಲೆ ಬೇರೆ ಕಡೆ ರೈಲುದಾರಿ ಬೀಳುತ್ತದೆ, ಗಾಡಿಗಳು ನಿಲ್ಲುತ್ತವೆ. ಅಷ್ಟೇ.

"ಜನ ಬಂದೂಕು ಬಂದೂಕು ಅಂತ ಒದರಾಕ ಹತ್ತಿದ್ರು. ನಾ ಏನ್ ಮಾಡ್ಲಿ? ಇಂವ ಮೇಲೆ ಸಾದಾ ಕಾಣ್ತಾನ, ಖರೇ ದರೋಡೆಕೋರ, ಗುಡಿಸಲದಾಗ ಬಂಗಾರ ಹುಗದಾನ, ರಾತ್ರಿ ಫೌಜದಾರ ಬರ್ತಾನ ಅಂತ ಹೇಳ್ಕೊಂತ ಹೋದ್ನಿ. ಜನ ಚಪ್ಪಾಳಿ ಹೊಡದ್ರು. ಅಂವ ಪಾಪ ಅಲ್ಲಿ ಒಬ್ಬನ ಕುಂತು ರೊಟ್ಟಿ ತಿನ್ನಾಕ ಹತ್ತಿದ್ದ, ಮಾಸ್ತರ."

ಇವತ್ತು ಸಂತೆಯ ದಿನ, ಡೇರೆ ತುಂಬುತ್ತದೆ, ಇವತ್ತು ನಾನು ಇದ್ದದ್ದನ್ನೇ ಹೇಳುತ್ತೇನೆ ಎಂದ. ಅಂದಾನಪ್ಪನಿಗೆ ಹೇಳಿದ್ದಾನಂತೆ. ಅಂದಾನಪ್ಪ ಹೇಳಿದ್ದು ಇಷ್ಟು: ಬಂದೂಕು ಹೇಳಿದರೆ ಕಹಳೆ ನಿನ್ನದು, ಇಲ್ಲದಿದ್ದರೆ ನಾಳೆಯಿಂದ ಗೇಟಿಗೆ ನಡಿ.

"ಹೇಳಿಬಿಡು ಮಾರಾಯಾ ಬಂದೂಕು," ಎಂದೆ ನಾನು. "ಅದು ಸಿನಿಮಾ. ಅವನಿಗೆಂತ ಕೇಳ್ತದಾ?"

"ನೀವು ಸಂಜಿಗೆ ಬರ್ರಿ," ಎಂದು ಎದ್ದು ಹೋದ.

ನಾನು ಹೋದೆ. ಬೆಂಚಿನ ಮೇಲೆ ಕುಳಿತೆ. ಮುಂದೆ ನೆಲದ ಮೇಲೆ ಸಂತೆಗೆ ಬಂದವರೆಲ್ಲ ಗಂಟುಮೂಟೆ ಸಮೇತ ಕುಳಿತಿದ್ದರು. ಸಿನಿಮಾ ಶುರುವಾಯಿತು. ಮೊದಲು ಬಯಲು, ಗಾಳಿಗೆ ಬಾಗುವ ಹುಲ್ಲು, ದೂರದಲ್ಲಿ ಗೇಟು. ಬಹಳ ಹೊತ್ತು ಅಷ್ಟೇ ಇತ್ತು. ಕಹಳೆಯಲ್ಲಿ ಅವನ ದನಿ ಬಂತು, ಎಂದಿನ ಅಬ್ಬರವಿಲ್ಲದೆ:

"ಇದು ನಾಕಾ. ಇಂವ ನಾಕಾ ಕಾಯಾಂವ. ಇಂವಗ ಹೆಸರು ಐತಿ, ನಂಗ ತಿಳಿದಿಲ್ಲ."

ಜನ ಕಾದರು. ಪರದೆಯ ಮೇಲಿನವನು ನೀರು ತಂದ, ಬಾಗಿಲ ಮುಂದೆ ಗುಡಿಸಿದ.

"ಗುಡಸಾಕ ಹತ್ಯಾನ. ಯಾರೂ ಬಂದಿಲ್ಲ."

"ಬಂಗಾರ ಎಲ್ಲಿ ಹುಗಿದಾನೆ ಹೇಳೋ!" ಹಿಂದಿನ ದಿನ ಬಂದಿದ್ದ ಒಬ್ಬ ಕೂಗಿದ.

"ಬಂಗಾರ ಇಲ್ಲ. ನಿನ್ನೆ ನಾ ಹೇಳಿದ್ದು ಸುಳ್ಳು."

ಡೇರೆಯಲ್ಲಿ ನಗೆ ಎದ್ದಿತು. ಇದೂ ಒಂದು ತಮಾಷೆಯೇ, ಇನ್ನೇನು ಗುಂಡು ಹಾರುತ್ತದೆ ಎಂದುಕೊಂಡರು. ಹಾರಲಿಲ್ಲ. ಒಮ್ಮೆ ಪರದೆಯ ಮೇಲಿನವನು ಗೋಡೆಯ ಬಂದೂಕು ಕೈಗೆತ್ತಿಕೊಂಡಾಗ ಶಿಳ್ಳೆ ಬಿದ್ದುವು. ಅವನು ಕೋಳಿಮರಿಯ ಮೇಲೆ ಸುತ್ತುವ ಗಿಡುಗನಿಗೆ ಗುರಿ ಹಿಡಿದು, ಹೊಡೆಯದೆ, ಮತ್ತೆ ಗೋಡೆಗೆ ತೂಗುಹಾಕಿದ. "ಹೊಡಿಲಿಲ್ಲ," ಎಂದ ಶಿವಪುತ್ರಪ್ಪ. ಕೆಲವರು ಎದ್ದು ಹೋದರು. ಯಾರೋ ಪರದೆಗೆ ಹುರಿಗಡಲೆಯ ಪೊಟ್ಟಣ ಎಸೆದರು.

ನಾನು ನಿಜ ಹೇಳಬೇಕು. ಆ ಸಿನಿಮಾ ಚೆನ್ನಾಗಿತ್ತು. ಬೆಳಗಿನ ಬೆಳಕು ಗೇಟಿನ ಮೇಲೆ ಬೀಳುವುದನ್ನು ಅಷ್ಟು ತಾಳ್ಮೆಯಿಂದ ತೋರಿಸಿದ್ದನ್ನು ನಾನು ಮುಂಚೆ ಕಂಡಿರಲಿಲ್ಲ. ಅವನು ಎರಡು ಬಟ್ಟಲು ತೊಳೆದು, ಒಂದಕ್ಕೆ ಮಾತ್ರ ಬಡಿಸಿಕೊಂಡು, ಇನ್ನೊಂದನ್ನು ಮತ್ತೆ ಕವುಚಿಡುವ ಜಾಗ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಆದರೆ ಅದು ಬಹಳ ಉದ್ದವಾಗಿತ್ತು. ಅಳಬೇಕಾದಲ್ಲೆಲ್ಲ ಪಿಟೀಲು ಮೊದಲೇ ಅತ್ತುಬಿಡುತ್ತಿತ್ತು. ಆ ಮನುಷ್ಯ ಒಂದು ಸಲವೂ ಸಿಟ್ಟಾಗಲಿಲ್ಲ, ಅಷ್ಟು ಒಳ್ಳೆಯವನನ್ನು ನಂಬುವುದು ನನಗೆ ಕಷ್ಟವಾಯಿತು. ನಡುವೆ ನನಗೆ ಜೋಂಪು ಹತ್ತಿತು. ಎಚ್ಚರವಾದಾಗ ಕಡೆಯ ರೀಲು ಓಡುತ್ತಿತ್ತು.

ರೈಲುದಾರಿ ಬಿದ್ದಾಗಿತ್ತು. ಅವನು ಗೇಟಿನ ಅಡ್ಡಮರವನ್ನು ಎತ್ತಿ, ಹಗ್ಗದಿಂದ ಕಂಬಕ್ಕೆ ಕಟ್ಟಿದ. ಗಂಟನ್ನು ಎರಡು ಸಲ ಎಳೆದು ನೋಡಿದ.

ಕಹಳೆಯಿಂದ ಮಾತು ಬರಲಿಲ್ಲ. ನಾನು ಪಕ್ಕಕ್ಕೆ ನೋಡಿದೆ. ಶಿವಪುತ್ರಪ್ಪ ಕಹಳೆಯನ್ನು ಬಾಯ ಮುಂದೆ ಹಿಡಿದೇ ನಿಂತಿದ್ದ. ಪರದೆಯ ಬೆಳಕು ಅವನ ಅರ್ಧ ಮುಖದ ಮೇಲೆ ಬಿದ್ದಿತ್ತು. ಜನರಿಗೆ ರೇಗಿತು. "ಕಹಳೆ ನುಂಗಿದ್ಯೇನೋ?" ಎಂದು ಒಬ್ಬ. "ಮಾತು ಮುಗೀತು ಕಾಣ್ತು, ಚೀಟಿ ದುಡ್ಡು ವಾಪಸ್ ಕೊಡಿ," ಎಂದು ಇನ್ನೊಬ್ಬ. ಆಗ ಮುಂದೆ ನೆಲದ ಮೇಲೆ ಕೂತಿದ್ದ ಬೀರ ಎದ್ದುನಿಂತ. ಅವನು ಮನ್ಮನೆಯ ಕಡೆಯ ಗಾಡಿಯವನು, ನಾಕೆಯ ಕಾಲದಿಂದ ಇವನನ್ನು ಬಲ್ಲವನು. ಚೇಷ್ಟೆಯವನು. ಹೆಗಲ ಮೇಲೆ ಗಂಟು ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ ಕೂಗಿದ:

"ಹೋಗ್ಲಾ ನಾಕೆಯಣ್ಣಾ?"

ಡೇರೆಗೆ ಡೇರೆಯೇ ನಕ್ಕಿತು. ಆ ವಾಡಿಕೆ ಗೊತ್ತಿದ್ದ ಹಳಬರು ಅಲ್ಲಿ ಬಹಳ ಜನರಿದ್ದರು. ಒಬ್ಬೊಬ್ಬರಾಗಿ ಎದ್ದು "ಹೋಗ್ಲಾ?" "ನಾನೂ ಹೋಗ್ಲಾ?" ಎಂದು ಶುರುಮಾಡಿದರು.

ಶಿವಪುತ್ರಪ್ಪ ಕಹಳೆಯಲ್ಲಿ, ನಿಧಾನವಾಗಿ, ಎದ್ದವರ ಒಬ್ಬೊಬ್ಬರ ಮುಖ ನೋಡುತ್ತ, "ಹೋಗಿ ಬರ್ರಿ. ಹೋಗಿ ಬರ್ರಿ," ಎಂದ. ಬೀರನ ನಗೆ ಅಲ್ಲಿಗೇ ನಿಂತಿತು. ಅವನು ತುಸು ಹೊತ್ತು ನಿಂತಿದ್ದು, ಮತ್ತೆ ಕೂತುಬಿಟ್ಟ. ಉಳಿದವರು ಹೋದರು.

ಮರುದಿನ ಬೆಳಿಗ್ಗೆ ನಾನು ಚಹಾದಂಗಡಿಗೆ ಹೋದಾಗ ಅಂದಾನಪ್ಪನೂ ಅವನೂ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಕಹಳೆ ಅಂದಾನಪ್ಪನ ತೊಡೆಯ ಮೇಲಿತ್ತು. ಅವನು ಕೆಟ್ಟವನಲ್ಲ.

"ಸಿಟ್ಟಿಲ್ಲೋ ನಂಗ," ಎನ್ನುತ್ತಿದ್ದ. "ನೀ ಹೇಳಿದ್ದು ಖರೇನ ಇರಬೇಕು. ಆದ್ರ ಜನಾ ಬೆಂಚ್ ಮುರದ್ರ ಅದೂ ಖರೇನ ಮುರೀತೈತಿ. ಯಲ್ಲಾಪುರದ ಮಂಜಪ್ಪ ಬರ್ತಾನ, ಅಂವ ಕಹಳಿ ನೋಡ್ಕೊಂತಾನ. ನೀ ಗೇಟಿಗಿರು."

"ಆತ್ರಿ," ಎಂದ ಶಿವಪುತ್ರಪ್ಪ. ಮಾಲಕ ಎದ್ದುಹೋದ ಮೇಲೆ ನನ್ನ ಕಡೆಗೆ ತಿರುಗಿದ. "ಹೆಂಗಿತ್ತು ಮಾಸ್ತರ?"

ಆಗ ಸುಳ್ಳು ಹೇಳಬಹುದಿತ್ತು. ಹಿಂದಿನ ಸಂಜೆ ಅಷ್ಟು ಜನರೆದುರು ಸುಳ್ಳು ಹೇಳುವುದಿಲ್ಲವೆಂದು ಕಹಳೆ ಕಳೆದುಕೊಂಡವನಿಗೆ ನಾನು ಹೇಗೆ ಹೇಳಲಿ? ಚಲೋ ಇತ್ತು ಎಂದೆ. ಬೆಳಕು, ಬಟ್ಟಲು, ಎಲ್ಲ ಹೇಳಿದೆ. ಆದರೆ ಉದ್ದವಾಯಿತು ಎಂದೆ, ಪಿಟೀಲಿನ ಮಾತು ಹೇಳಿದೆ. ನಡುವೆ ನಿದ್ದೆ ಬಂತು ಎಂದೂ ಹೇಳಿದೆ.

"ನಿದ್ದಿ ಬಂದ್ರ ತಪ್ಪಲ್ರಿ," ಎಂದ. "ನಾಕಾದಾಗ ನಂಗೂ ಬರ್ತಿತ್ತು."

ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ, "ಆದ್ರೂ ಭಾಳ ಚಲೋ ಇತ್ತು ಅನ್ನಿಸಲಿಲ್ಲೇನು?" ಎಂದು ಇನ್ನೊಮ್ಮೆ ಕೇಳಿದ. ಅವನಿಗೆ ಬೇಕಾಗಿದ್ದದ್ದು ಅದೊಂದು ಮಾತು. ನಾನು ಕೊಡಲಿಲ್ಲ.

ಆ ಸಿನಿಮಾದ ಡಬ್ಬಿಗಳು ಅದೇ ದಿನ ವಾಪಸು ಹೋದವು. ಆಮೇಲೆ ನಾಲ್ಕು ವರ್ಷ ಅವನು ಗೇಟಿನಲ್ಲಿ ಚೀಟಿ ಹರಿದ. ಜನ ಅವನನ್ನು ಮರೆತರು, ಅಥವಾ ಮುಖ ನೋಡದೆ ಚೀಟಿ ಕೊಟ್ಟು ಒಳಗೆ ಹೋದರು. ಒಳಗಿನಿಂದ ಮಂಜಪ್ಪನ ಕಹಳೆ, ಜನರ ಕೂಗು ಕೇಳುತ್ತಿತ್ತು. ಅವನು ಡೇರೆಯ ಹೊರಗೆ ಕುಳಿತಿರುತ್ತಿದ್ದ. ನಾನು ಹೋದರೆ ಪಕ್ಕದಲ್ಲಿ ಜಾಗ ಮಾಡುತ್ತಿದ್ದ. ಆಮೇಲೆ ನನಗೆ ಶಿರಸಿಗೆ ವರ್ಗವಾಯಿತು, ಭೇಟಿ ಕಡಿಮೆಯಾಯಿತು.

ಈ ವರ್ಷ ಡೇರೆ ಯಲ್ಲಾಪುರದಲ್ಲಿದ್ದಾಗ ಅವನಿಗೆ ಕಾಮಾಲೆಯಾಯಿತು. ಅಂದಾನಪ್ಪನೇ ಬಸ್ಸು ಹತ್ತಿಸಿ ಊರಿಗೆ ಕಳಿಸಿದ. ಸುದ್ದಿ ತಿಳಿದು ಮಾರ್ಚಿ ಮೊದಲ ವಾರ ನಾನು ಹೋದೆ. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಕಣ್ಣು ಅರಿಸಿನವಾಗಿತ್ತು. ಕಲ್ಲವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವನನ್ನು ಬಲ್ಲ ಇಷ್ಟು ವರ್ಷಗಳಲ್ಲಿ ನಾನು ಅವಳನ್ನು ನೋಡಿದ್ದು ಅದೇ ಮೊದಲು. ಸೆರಗು ಸರಿಮಾಡಿಕೊಂಡು "ಬರ್ರಿ ಮಾಸ್ತರ, ನಿಮ್ಮ ಹೆಸರು ಭಾಳ ಕೇಳೇನಿ" ಎಂದಳು.

ಅವನು ಈ ಸಲ ಸಿನಿಮಾದ ಮಾತೆತ್ತಲಿಲ್ಲ. ಬಹಳ ಹೊತ್ತು ಕುಳಿತರೂ ಎತ್ತಲಿಲ್ಲ. ನನಗೆ ಅದು ತಡೆಯಲಾಗಲಿಲ್ಲ. ನಾನೇ ಕೇಳಿದೆ.

"ಶಿವಪುತ್ರಪ್ಪ, ಆ ದಿನ ನನಗೆ ನಿದ್ದೆ ಬಂದಿತ್ತಲ್ಲ. ಆಗ ಎಂತಾಯ್ತು? ನೀನು ಹೇಳಲೇ ಇಲ್ಲ."

"ನೀವು ಕೇಳಬೇಕಲ್ರಿ," ಎಂದ. ತುಟಿಯಲ್ಲಿ ನಗೆಯಂಥದೇನೋ ಬಂತು. ಬೆನ್ನು ನೆಟ್ಟಗೆ ಮಾಡಿಕೊಂಡ.

"ಒಂದು ಗಾಡಿ ಬಂತು. ಕಡೀ ಗಾಡಿ. ಗಂಡ, ಹೆಂಡ್ತಿ, ಸಾಮಾನು. ಇಂವ ಗೇಟ್ ತಗದ. ಹೋತು. ಅಕಿ ಗಾಡ್ಯಾಗ ಹಿಂದ ಕುಂತಿದ್ಲು, ಇಂವನ್ನ ನೋಡ್ಕೊಂತ ಹೋದ್ಲು. ಇಂವ ಕೈ ಎತ್ತಿದ. ಅಕಿನೂ ಎತ್ತಿದ್ಲು. ಸಣ್ಣಕ್ಕಾತು, ಸಣ್ಣಕ್ಕಾತು, ಗಾಡಿ ಕಾಣದಂಗಾತು. ಇಂವ ಇನ್ನೂ ಕೈ ಇಳಿಸಿಲ್ಲ."

ದನಿ ಸೋತಿತ್ತು, ನಡುನಡುವೆ ಉಸಿರು ತೆಗೆದುಕೊಳ್ಳುತ್ತಿದ್ದ. ಕಲ್ಲವ್ವ ಬಾಗಿಲು ಬಿಟ್ಟು ಒಂದೆರಡು ಹೆಜ್ಜೆ ಒಳಗೆ ಬಂದಿದ್ದಳು. ಅವನು ಸಿನಿಮಾ ಹೇಳುವುದನ್ನು ಐನೂರು ಜನ ಕೇಳಿದ್ದರು, ಅವಳು ಕೇಳಿರಲಿಲ್ಲ.

"ಆಮ್ಯಾಲ?" ಎಂದಳು.

"ಆಮ್ಯಾಲ ಏನಿಲ್ಲ. ಸಂಜಿ ಆತು. ದೀಪಾ ಹಚ್ಚಿದ."

"ಮತ್ತ ಯಾರೂ ಬರ್ಲಿಲ್ಲೇನು?"

"ಇಲ್ಲ. ಆಮ್ಯಾಲ ಯಾರೂ ಬರ್ಲಿಲ್ಲ. ಕಡೀಕ ತೊಲಿ ಎತ್ತಿ ಕಟ್ಟಿದ."

ಕಲ್ಲವ್ವ ಸ್ವಲ್ಪ ಯೋಚಿಸಿದಳು. ಕೊಂಕಿಲ್ಲದೆ, ತಿಳಿಯದ್ದನ್ನು ಕೇಳುವಂತೆ ಕೇಳಿದಳು:

"ಮತ್ತ ಅಂವ ಮನಿಗೆ ಯಾಕ ಹೋಗ್ಲಿಲ್ಲ?"

ಶಿವಪುತ್ರಪ್ಪ ಅವಳನ್ನು ನೋಡಿದ. ನಾಕೆಯಲ್ಲಿ ಗಾಡಿಯವರ ಮುಖ ನೋಡುತ್ತಿದ್ದ ಹಾಗೆ, ಪೂರ್ತಿಯಾಗಿ ನೋಡಿದ.

"ಅದನ್ನ ತೋರಸಲಿಲ್ಲ," ಎಂದ.

ಅವಳು ಒಳಗೆ ಹೋಗಿ ನನಗೆ ಮಜ್ಜಿಗೆ ತಂದಳು. ನಾನು ಕುಡಿದು ಎದ್ದೆ. ಮೂರೂಕಾಲಿನ ಬಸ್ಸಿತ್ತು. ಹೋಗಿ ಬರುತ್ತೇನೆ ಎಂದು ನಾನು ಹೇಳಿದಾಗ ಅವನಿಗೆ ಜೋಂಪು ಹತ್ತಿತ್ತು, ಕೇಳಿಸಿತೋ ಇಲ್ಲವೋ ತಿಳಿಯದು. "ಹೋಗಿ ಬರ್ರಿ" ಎಂದವಳು ಕಲ್ಲವ್ವ.